ಕ್ಯಾಮೆರಾ ಕಷ್ಟಸುಖ: ಮುಚ್ಚಿದ ಗಣಿ, ನಿಂತ ಫ್ಯಾಕ್ಟರಿ

ಹೋದ ತಿಂಗಳು ಇದೇ ಪುಟದಲ್ಲಿ ಕೆಜಿಎಫ್‌ನ, ಅಂದ್ರೆ ಕೋಲಾರದ ಚಿನ್ನದ ಗಣಿಯ, ಒಂದು ಶಾಫ್ಟ್ (ಗಣಿಗೆ ಇಳಿಯೋ ಬಾವಿಯಂಥ ಗುಂಡಿ) ಫೋಟೋ ಹಾಕಿ, ನಿಮ್ಮೂರಲ್ಲಿ ಮುಚ್ಚಿದ ಗಣಿ, ಮಿಲ್ಲು, ಫ್ಯಾಕ್ಟರಿ ಏನಾದ್ರೂ ಇದ್ರೆ, ಅದನ್ನ ನೀವು ಫೋಟೋ ತೆಗೀತಿದ್ರೆ ಬರೀರಿ ಅಂದಿದ್ದೆ. ಇಷ್ಟೊಂದು ಜನ ಬರೀತಾರೆ ಅಂದ್ಕೊಂಡಿರ್ಲಿಲ್ಲ. ಎಲ್ಲದಕ್ಕೂ ಜಾಗ ಇಲ್ಲ, ಆರು ಆರಿಸ್ಕೊಂಡಿದೀನಿ. ಅದ್ರಲ್ಲಿ ಒಂದು ನನಗೇ ಬೈದಿರೋದು, ಅದನ್ನೂ ಬಿಟ್ಟಿಲ್ಲ.

ನಮ್ಮ ತಾತ ಚಾಂಪಿಯನ್ ರೀಫ್ಸ್ ಗಣೀಲಿ ಕೆಲಸಕ್ಕಿದ್ರು. ನಾನು ಹುಟ್ಟೋ ಹೊತ್ತಿಗೆ ಗಣಿನೇ ಮುಚ್ಚೋಗಿತ್ತು, ತಾತನೂ ಈಗಿಲ್ಲ. ರಜೆ ಬಂದಾಗೆಲ್ಲ ಮೊಬೈಲಲ್ಲಿ ಶಾಫ್ಟು, ಬಿದ್ದೋಗಿರೋ ಗೋಡೆ ಎಲ್ಲಾ ತೆಗೀತೀನಿ. ನೋಡಿದೋರು ಸೂಪರ್ ಅಂತಾರೆ, ಆದ್ರೆ ನನಗೆ ಅದು ವಾಲ್‌ಪೇಪರ್ ಥರ ಕಾಣುತ್ತೆ, ತಾತ ಅದ್ರಲ್ಲಿ ಎಲ್ಲೂ ಇಲ್ಲ. ಎಲ್ಲಿ ತಪ್ತಿದೀನಿ?
— ಡಿಗ್ರಿ ವಿದ್ಯಾರ್ಥಿನಿ, ರಾಬರ್ಟ್‌ಸನ್‌ಪೇಟೆ

ವಾಲ್‌ಪೇಪರ್ ಅಂತ ನಿಮಗೇ ಅನ್ನಿಸ್ತಲ್ಲಮ್ಮ, ಅರ್ಧ ಕೆಲಸ ಅಲ್ಲೇ ಆಯ್ತು. ನನಗೆ ಅದು ಗೊತ್ತಾಗೋಕೆ ಒಬ್ಬರ ಮನೇಲಿ ಪೆಚ್ಚಾಗ್ಬೇಕಾಯ್ತು, ಆ ಕಥೆನೇ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಒಂದು ಹೆಡ್‌ಗೇರ್ ಫೋಟೋ ತೆಗೆದಿದ್ದೆ, ಹೆಡ್‌ಗೇರ್ ಅಂದ್ರೆ ಶಾಫ್ಟ್ ಬಾಯಿ ಮೇಲೆ ಚಕ್ರ ಇಟ್ಕೊಂಡು ನಿಂತಿರುತ್ತಲ್ಲ ಆ ಕಬ್ಬಿಣದ ಗೋಪುರ. ಮೋಡ ಚೆನ್ನಾಗಿತ್ತು, ತುಕ್ಕು ಚೆನ್ನಾಗಿತ್ತು, ಎಲ್ಲಾ ಚೆನ್ನಾಗಿತ್ತು. ದೊಡ್ಡ ಪ್ರಿಂಟ್ ಹಾಕ್ಸಿ, ಅಲ್ಲೇ ಲೈನ್ ಮನೇಲಿರೋ, ಅಂದ್ರೆ ಗಣಿ ಕೆಲಸದವರ ಸಾಲುಮನೇಲಿರೋ, ಒಬ್ಬ ಹಿರಿಯರಿಗೆ ಕೊಡೋಣ, ಖುಷಿ ಪಡ್ತಾರೆ ಅಂತ ಹೋದೆ. ಅವರು ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು, ಅಂದ್ರೆ ಕೇಜನ್ನ, ಜನ ಹತ್ತಿ ಇಳಿಯೋ ಲಿಫ್ಟಿನಂಥ ಪಂಜರಾನ, ಮೇಲಕ್ಕೂ ಕೆಳಕ್ಕೂ ಓಡಿಸೋರು. ಕನ್ನಡಕ ಹಾಕ್ಕೊಂಡು ಫೋಟೋನ ತೊಡೆ ಮೇಲಿಟ್ಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ ಕೇಳಿದ್ದು ಒಂದೇ ಮಾತು, "ಹಗ್ಗ ಎಲ್ಲಿ ಸಾರ್?"

ನಿಜ, ಚಕ್ರದ ಮೇಲೆ ಹಗ್ಗ ಇರ್ಲಿಲ್ಲ. ಉಕ್ಕಿನ ಹಗ್ಗ, ಯಾವಾಗ್ಲೋ ಬಿಚ್ಚಿಬಿಟ್ಟಿದ್ರು. ನಾನು ಅದನ್ನ ಗಮನಿಸೇ ಇರ್ಲಿಲ್ಲ. ಹಗ್ಗ ಇಲ್ದಿದ್ರೆ ಇದು ಬರೀ ಸ್ಟ್ಯಾಂಡು ಅಂದ್ರು. ಅದಕ್ಕಿಂತ ನನ್ನ ಬಾಯಿ ಮುಚ್ಚಿಸಿದ್ದು ಮುಂದಿನ ಮಾತು. "ನಾನು ಈ ಚಕ್ರನ ಸರಿಯಾಗಿ ನೋಡ್ತಿರೋದೇ ಈವಾಗ. ಎಂಜಿನ್ ಮನೆ ಆ ಕಡೆ, ಶಾಫ್ಟ್ ಈ ಕಡೆ. ಕೇಜ್ ನಮ್ಮ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ. ಕಣ್ಣು ಮುಳ್ಳಿನ ಮೇಲೆ, ಕಿವಿ ಗಂಟೆ ಮೇಲೆ." ಮುಳ್ಳು ಅಂದ್ರೆ ಕೇಜ್ ಎಷ್ಟು ಆಳದಲ್ಲಿದೆ ಅಂತ ತೋರಿಸೋ ದೊಡ್ಡ ಗಡಿಯಾರದಂಥ ಡಯಲ್. ಕೆಳಗಿರೋರು ಗಂಟೆ ಹೊಡೀತಾರೆ, ಇವರು ಅದನ್ನ ಕೇಳಿ ಎಂಜಿನ್ ಬಿಡ್ತಾರೆ. ಹೇಳ್ತಾ ಹೇಳ್ತಾ ಕೈಯಲ್ಲಿದ್ದ ಉಂಗುರದಿಂದ ಸ್ಟೀಲ್ ಲೋಟಕ್ಕೆ ಟಣ್ ಟಣ್ ಅಂತ ಎರಡು ಸಲ ಹೊಡೆದು ಇದು ಇಳಿಸು ಅಂತ ಅಂದ್ರು, ಮೂರು ಸಲ ಹೊಡೆದು ಇದು ಜನ ಹತ್ತಾರೆ ಹುಷಾರು ಅಂತ ಅಂದ್ರು, ಅಷ್ಟೊತ್ತಿಗೆ ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದು ಏನು ಬೇಕು ಅಂತ ಕೇಳಿದ್ರು, ಲೋಟ ಬಡಿದದ್ದು ಕಾಫಿಗೆ ಅಂದ್ಕೊಂಡಿದ್ರು.

ಆವತ್ತು ಗೊತ್ತಾಗಿದ್ದು, ನಾನು ನಿಂತಿದ್ದ ಜಾಗದಲ್ಲಿ ಕೆಲಸದವರು ಯಾರೂ ನಿಂತೇ ಇರ್ಲಿಲ್ಲ. ನಾನು ರಸ್ತೆಯಿಂದ ತೆಗೆದಿದ್ದೆ, ಅದು ದಾರೀಲಿ ಹೋಗೋನ ನೋಟ. ನೀವೂ ಹಾಗೇ ಮಾಡ್ತಿರಬೇಕು ಅಂತ ನನ್ನ ಗುಮಾನಿ. ಮನೇಲಿ ಅಜ್ಜೀನೋ ಅಪ್ಪನ್ನೋ ಕೂರಿಸ್ಕೊಂಡು ಕೇಳಿ. ತಾತ ಯಾವ ಶಿಫ್ಟು, ಯಾವ ದಾರೀಲಿ ಹೋಗ್ತಿದ್ರು, ಟೋಕನ್ ಎಲ್ಲಿ ತಗೋತಿದ್ರು, ವಾಪಸ್ ಬಂದು ಎಲ್ಲಿ ಕೂತ್ಕೋತಿದ್ರು, ಮನೆ ಬಾಗಿಲಿಂದ ಯಾವ ಶಾಫ್ಟ್ ಕಾಣ್ತಿತ್ತು. ಆಮೇಲೆ ಆ ಬಾಗಿಲಲ್ಲೇ ನಿಂತು, ಆ ಶಿಫ್ಟಿನ ಟೈಮಲ್ಲೇ ತೆಗೀರಿ. ಫೋಟೋ ಸಾಧಾರಣವಾಗೇ ಬರುತ್ತೆ, ಮಧ್ಯ ಒಂದು ಕರೆಂಟ್ ಕಂಬ ಅಡ್ಡ ಬರುತ್ತೆ, ಇರ್ಲಿ ಬಿಡಿ, ತಾತನಿಗೂ ಅಡ್ಡ ಬಂದಿರುತ್ತೆ. ಅಂದಹಾಗೆ ಕಂಬದ್ದೂ ಸಣ್ಣ ಕಥೆ ಅಲ್ಲ, 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗೆ ಕರೆಂಟ್ ತಂದಿದ್ರು, ಬೆಂಗಳೂರಿಗೆ ಕರೆಂಟ್ ಬಂದಿದ್ದು ಆಮೇಲೆ.

ಇನ್ನೊಂದು ವಿಷ್ಯ. ಚಾಂಪಿಯನ್ ರೀಫ್ಸ್ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು, ತಳದಲ್ಲಿ ಕಲ್ಲಿನ ಬಿಸಿನೇ 60 ಡಿಗ್ರಿ ಮೇಲೆ. ತಾತ ಬದುಕಿದ್ದು ಅಲ್ಲಿ, ಈಗ ಅಲ್ಲಿ ನೀರು ತುಂಬಿದೆ, ಯಾವ ಕ್ಯಾಮೆರಾನೂ ಹೋಗಲ್ಲ. ಮೇಲೆ ನಾವು ತೆಗೆಯೋದು ಪಾತ್ರೆ ಮುಚ್ಚಳ ಅಷ್ಟೇ. ಅದಕ್ಕೇ ಫೋಟೋ ಜೊತೆ ನಾಲ್ಕು ಸಾಲು ಬರೀಲೇಬೇಕು ಅನ್ನೋದು ನನ್ನ ಹಠ. ಕವಿತೆ ಬೇಡ. ಯಾವ ಶಾಫ್ಟು, ಯಾರು ಏನು ಹೇಳಿದ್ರು, ಯಾವ ತಾರೀಖು, ಸಾಕು.

ಹೆಡ್‌ಗೇರ್ ತೆಗೆದ್ರೆ ಹಿಂದಕ್ಕೆ ಬೀಳ್ತಿರೋ ಥರ ಬರುತ್ತೆ. ಯಾವ ಲೆನ್ಸ್ ತಗೋಬೇಕು? ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ಹಳೇ ಕಾಲದ ಫೀಲ್ ಬರುತ್ತಾ?
— ಸ್ಟುಡಿಯೋ ಇಟ್ಕೊಂಡಿರೋವ್ರು, ಬಂಗಾರಪೇಟೆ

ಲೆನ್ಸ್ ತಗೋಬೇಡಿ, ಕಾಲು ಉಪಯೋಗಿಸಿ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದ್ರೆ ಯಾವ ಗೋಪುರ ಆದ್ರೂ ಮಲ್ಕೊಳುತ್ತೆ. ದೂರ ಹೋಗಿ, ಆಗೋದಾದ್ರೆ ಎದುರಿಗಿರೋ ದಿಬ್ಬ ಹತ್ತಿ, ಕ್ಯಾಮೆರಾ ನೆಟ್ಟಗೆ ಹಿಡಿದು ಜೂಮ್ ಮಾಡಿ. ದಿಬ್ಬ ಇಲ್ವಾ, ಕೆಳಗಡೆ ಜಾಸ್ತಿ ನೆಲ ಬರೋ ಹಾಗೆ ನೆಟ್ಟಗೆ ತೆಗೆದು ಆಮೇಲೆ ಕ್ರಾಪ್ ಮಾಡಿ.

ಇದನ್ನ ಜನ್ಮ ಪೂರ್ತಿ ಮಾಡಿದ ಗಂಡ ಹೆಂಡ್ತಿ ಇದ್ರು ಜರ್ಮನೀಲಿ, ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ಅಂತ. ಆತ ಹುಟ್ಟಿದ್ದು ಸೀಗನ್ ಅನ್ನೋ ಕಬ್ಬಿಣದ ಗಣಿ ಸೀಮೇಲಿ. ಮೊದ್ಲು ಆತ ಗಣಿ ಕಟ್ಟಡಗಳ ಚಿತ್ರ ಬರೀತಿದ್ದ, ಬರೆದು ಮುಗಿಸೋಕ್ ಮುಂಚೆನೇ ಕಟ್ಟಡ ಕೆಡವ್ತಿದ್ರು, ಅದಕ್ಕೆ ಫೋಟೋ ಶುರು ಮಾಡ್ದ. 1959ರಿಂದ ಇಬ್ಬರೂ ಸೇರಿ ಹೆಡ್‌ಗೇರು, ನೀರಿನ ಟ್ಯಾಂಕು, ಕಬ್ಬಿಣ ಕರಗಿಸೋ ಬ್ಲಾಸ್ಟ್ ಫರ್ನೇಸು, ಇವನ್ನೇ ತೆಗೆದ್ರು, ದಶಕಗಟ್ಟಲೆ. ಏಣಿ ಹಾಕ್ಕೊಂಡು ಎತ್ತರಕ್ಕೆ ಹೋಗಿ, ಮೋಡ ಕವಿದಿರೋ ದಿನ ನೋಡ್ಕೊಂಡು, ನೆರಳು ಬೀಳದ ಹಾಗೆ, ಎಲ್ಲಾನೂ ಒಂದೇ ಥರ ಎದುರಿಂದ. ಆಮೇಲೆ ಒಂದೇ ಜಾತಿಯ ಒಂಬತ್ತೋ ಹನ್ನೆರಡೋ ಪಕ್ಕಪಕ್ಕ ಜೋಡಿಸಿ ತೋರಿಸೋರು. ಒಂದನ್ನ ನೋಡಿದ್ರೆ ಏನೂ ಅನ್ಸಲ್ಲ, ಹನ್ನೆರಡು ಒಟ್ಟಿಗೆ ನೋಡಿದಾಗ ಇದಕ್ಕೆ ಕಾಲು ಗಿಡ್ಡ, ಅದಕ್ಕೆ ಸೊಂಟ ಸಣ್ಣ ಅಂತ ಹೆಣ್ಣು ನೋಡೋಕೆ ಹೋದೋರ ಥರ ಶುರು ಆಗುತ್ತೆ. 1990ರಲ್ಲಿ ಇಟಲಿಯ ದೊಡ್ಡ ಕಲಾಮೇಳ ವೆನಿಸ್ ಬಿಯೆನಾಲೆಯಲ್ಲಿ ಇವರಿಗೆ ಶಿಲ್ಪಕಲೆಗಂತ ಇರೋ ಗೋಲ್ಡನ್ ಲಯನ್ ಕೊಟ್ರು, ಫೋಟೋ ತೆಗೆದೋರಿಗೆ ಶಿಲ್ಪದ ಪ್ರಶಸ್ತಿ! ನಮ್ಮಲ್ಲೂ ಮೈಸೂರು ಮೈನ್, ಚಾಂಪಿಯನ್ ರೀಫ್, ನಂದಿದುರ್ಗ ಮೈನ್ ಕಡೆ ಉಳಿದಿರೋದನ್ನ ಯಾರಾದ್ರೂ ಒಂದೇ ಅಳತೇಲಿ ತೆಗೆದು ಜೋಡಿಸ್ಬೇಕು, ನೀವೇ ಯಾಕಾಗ್ಬಾರ್ದು.

ಅವರ ಒಂದು ವಿಷ್ಯ ಮಾತ್ರ ನನಗೆ ಒಗ್ಗಲ್ಲ, ಫೋಟೋದಲ್ಲಿ ಹುಡುಕಿದ್ರೂ ಮನುಷ್ಯ ಸಿಗಲ್ಲ. ಅದು ಅವರ ರೀತಿ, ಬಿಡಿ.

ಬ್ಲ್ಯಾಕ್ ಅಂಡ್ ವೈಟ್ ಬಗ್ಗೆ: ಹಳೇ ಫೀಲ್ ಬರ್ಲಿ ಅಂತ ಮಾಡೋದಾದ್ರೆ ದಯವಿಟ್ಟು ಬೇಡ, ಸೆಪಿಯಾ, ಅಂದ್ರೆ ಆ ಹಳೇ ಫೋಟೋದ ಕಂದು ಬಣ್ಣ, ಅಂತೂ ಬೇಡ್ವೇ ಬೇಡ. ಸೈನೈಡ್ ಗುಡ್ಡ ಇದೆಯಲ್ಲ, ಚಿನ್ನ ತೆಗೆದು ಉಳಿದ ಪುಡಿ ಮಣ್ಣಿನ ರಾಶಿ, ಅದರ ಬೂದಿ ಬಣ್ಣ ಹೊತ್ತಿಗೊಂದು ಥರ ಇರುತ್ತೆ. ಅದನ್ನ ಬಣ್ಣದಲ್ಲೇ ತೆಗೀರಿ, ಅದೂ ಬೇಗ. ಅಂಥ 13 ರಾಶಿ ಇವೆ, ಎಲ್ಲಾ ಸೇರಿ ಸುಮಾರು 33 ಮಿಲಿಯನ್ ಟನ್, ಅಂದ್ರೆ ಮೂರು ಕೋಟಿ ಮೂವತ್ತು ಲಕ್ಷ. ಆ ಮಣ್ಣಲ್ಲಿ ಉಳಿದಿರೋ ಚಿನ್ನ ತೆಗೆಯೋ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನಲ್ಲಿ ಒಪ್ಪಿಗೆ ಕೊಟ್ಟಿದೆ. ಗುಡ್ಡ ಅಂತ ನಾವು ಕರೀತೀವಿ ಅಷ್ಟೇ, ಅದೇನು ಅಂತರಗಂಗೆ ಬೆಟ್ಟ ಅಲ್ವಲ್ಲ, ಇವತ್ತಿದ್ದು ನಾಳೆ ಕರಗಬಹುದು.

ಫ್ರೆಂಡ್ಸೆಲ್ಲ ಸೇರಿ ರಾತ್ರಿ ಹೊತ್ತು ಕಾಂಪೌಂಡ್ ಹಾರಿ ಒಳಗೆ ಹೋಗಿ ಲೈಟ್ ಪೇಂಟಿಂಗ್ (ಕತ್ತಲಲ್ಲಿ ಟಾರ್ಚ್ ಆಡಿಸಿ ಫೋಟೋ ತೆಗೆಯೋದು) ಮಾಡೋಣ ಅಂತಿದೀವಿ. ಡ್ರೋನೂ ಇದೆ. ಟಿಪ್ಸ್ ಕೊಡಿ ಬ್ರೋ.
— ಮಾಲೂರಿನ ಹುಡುಗ್ರು

ಟಿಪ್ಸ್: ಹೋಗ್ಬೇಡಿ.

ಗದರಿಸ್ತಿದೀನಿ ಅನ್ಕೋಬೇಡ್ರಪ್ಪ. ಅಲ್ಲಿ ಗಿಡಗಂಟಿ ಕೆಳಗೆ ಏನಿದೆ ಅಂತ ಹಗಲಲ್ಲೇ ಗೊತ್ತಾಗಲ್ಲ, ಹಳೇ ಗುಂಡಿಗಳು, ಕೊಳೆತ ಹಲಗೆ, ತಲೆ ಮೇಲೆ ಒಡೆದಿರೋ ಆಸ್ಬೆಸ್ಟಾಸ್ ಶೀಟು. ಗಾಳಿ ಬಂದ್ರೆ ಸೈನೈಡ್ ಗುಡ್ಡದ ಧೂಳು, ಬೇಸಿಗೇಲಿ ಊರೋರೇ ಮುಖ ಮುಚ್ಕೊಂಡು ಓಡಾಡ್ತಾರೆ. ನಾನೂ ಒಂದ್ಸಲ ನಿಮ್ಮ ವಯಸ್ಸಲ್ಲಿ ಒಂದು ಹಳೇ ಮಿಲ್ಲಿಗೆ, ಯಾವುದು ಅಂತ ಬೇಡ, ಕಿಟಕಿಯಿಂದ ನುಗ್ಗಿದ್ದೆ. ಮಹಡಿ ಹಲಗೆ ಮುರಿದು ಒಂದು ಕಾಲು ಮಂಡಿವರೆಗೆ ಕೆಳಗೆ ಹೋಗಿ ಸಿಕ್ಕಾಕ್ಕೊಳ್ತು, ಎಳೆದು ತೆಗೆಯೋಕೆ ಬಂದಿದ್ದು ಅಲ್ಲಿನ ವಾಚ್‌ಮನ್ನೇ. ಆಮೇಲೆ ಆತನೇ ಒಂದು ಗಂಟೆ ಸುತ್ತಾಡಿಸಿ ತೋರಿಸ್ದ, ಮುಂಬಾಗಿಲಿಂದ ಹೋಗಿ ಕೇಳಿದ್ರೆ ಮೊದ್ಲೇ ತೋರಿಸ್ತಿದ್ದ ಅಂತ ಕಾಣುತ್ತೆ. ಗಣಿ ಜಾಗಕ್ಕೆ ಕಂಪನಿ ಆಫೀಸಲ್ಲಿ ಲೆಟರ್ ಕೊಟ್ಟು ಪರ್ಮಿಶನ್ ಕೇಳಿ, ಸಿಗದಿದ್ರೆ ರಸ್ತೆಯಿಂದ, ರೈಲ್ವೇ ಸ್ಟೇಷನ್ನಿಂದ, ಯಾರದಾದ್ರೂ ಮನೆ ತಾರಸಿಯಿಂದ ತೆಗೀರಿ. ಡ್ರೋನಿಗೆ 2021ರ ನಿಯಮ ಇದೆ, ಆಟಿಕೆ ಸೈಜಿಂದಾದ್ರೂ ರೆಡ್ ಝೋನಲ್ಲಿ, ಅಂದ್ರೆ ಹಾರಾಟಕ್ಕೆ ನಿರ್ಬಂಧ ಇರೋ ಜಾಗದಲ್ಲಿ, ಅನುಮತಿ ಇಲ್ದೆ ಹಾರಿಸೋ ಹಾಗಿಲ್ಲ, ಮ್ಯಾಪ್ ನೋಡ್ಕೊಳ್ಳಿ.

ಎಲ್ಲಾರೂ ಕೆಜಿಎಫ್ ಕೆಜಿಎಫ್ ಅಂತೀರ. ನಮ್ಮ ತುಮಕೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತು, ನಮ್ಮಮ್ಮ ಅಲ್ಲಿ ಅಸೆಂಬ್ಲೀಲಿದ್ರು. ಈಗ ಜಾಗ ಇಸ್ರೋದವರದ್ದು, ಒಳಗೆ ಹೋಗೋ ಹಾಗಿಲ್ಲ. ಏನು ಫೋಟೋ ತೆಗೆಯೋದು?
— ಬ್ಯಾಂಕ್ ನೌಕರ, ತುಮಕೂರು

ನ್ಯಾಯವಾದ ಜಗಳ. 1961ರಲ್ಲಿ ಜಪಾನಿನ ಸಿಟಿಝನ್ ಜೊತೆ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ವಾಚು, 1978ರ ಹೊತ್ತಿಗೆ ತುಮಕೂರಿಗೂ ಬಂತು. 2016ರಲ್ಲಿ ವಾಚ್ ಕಂಪನಿನೇ ಬಾಗಿಲು ಹಾಕ್ತು. ನಮ್ಮ ಕಡೆ ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ್ರೆ, ಮದುವೆ ಗೊತ್ತಾದ್ರೆ, ರಿಟೈರಾದ್ರೆ, ಎಲ್ಲದಕ್ಕೂ ಎಚ್‌ಎಂಟಿನೇ.

ನಿಮಗೆ ಕಟ್ಟಡ ಸಿಗದೆ ಇರೋದು ಒಂಥರಾ ಒಳ್ಳೇದೇ ಆಯ್ತು ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಗಣಿಯವರು ಹೆಡ್‌ಗೇರ್ ಹಿಂದೆ ಬಿದ್ದು ಜನಾನ ಮರೀತಾರೆ, ನಿಮಗೆ ಆ ಆಸೆನೇ ಇಲ್ಲ. ಅಮ್ಮ ಮನೇಲಿದ್ದಾರಲ್ಲ? ಮೇಜು ಕಿಟಕಿ ಪಕ್ಕ ಹಾಕಿ, ಬಿಳಿ ಹಾಳೆ ಹಾಸಿ, ಮನೇಲಿರೋ ಹಳೇ ಜನತಾ ವಾಚೋ ಕಾಂಚನ್ನೋ ಯಾವುದಾದ್ರೂ ಅವರ ಕೈಗೆ ಕೊಟ್ಟು ಸುಮ್ನೆ ಕೂತ್ಕೊಳ್ಳಿ. ಕಣ್ಣಿಗೆ ಹಾಕ್ಕೊಳೋ ಭೂತಗನ್ನಡಿ, ಚಿಮಟ ಎತ್ತಿಟ್ಟಿದ್ರೆ ಅದನ್ನೂ ಕೊಡಿ. ಆ ಕೆಲಸ ಮಾಡಿದೋರು ಚಿಮಟ ಹಿಡಿಯೋದೇ ಬೇರೆ ಥರ, ಮೊಣಕೈ ಮೇಜಿಗೆ ಊರಿ, ಕಿರುಬೆರಳು ಹಾಳೆಗೆ ತಾಗಿಸಿ, ಉಸಿರು ಬಿಗಿ ಹಿಡಿದು. ಎಷ್ಟು ವರ್ಷ ಆದ್ರೂ ಬೆರಳಿಗೆ ಅದು ಮರೆತಿರಲ್ಲ. ನೀವು ಅವರ ಭುಜದ ಹಿಂದೆ ನಿಂತು, ಅವರ ಕಣ್ಣಿನ ಎತ್ತರದಿಂದ ಕೆಳಕ್ಕೆ ನೋಡಿ ತೆಗೀರಿ. ಫ್ಯಾಕ್ಟರೀಲಿ ಅವರಿಗೆ ಕಾಣ್ತಿದ್ದಿದ್ದು ಅಷ್ಟೇ ಅಲ್ವಾ, ಅಂಗೈಯಗಲದ ಜಾಗ. ಮಾತಾಡಿಸೋವಾಗ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿಡಿ, ಯಾಕಂದ್ರೆ ಲೋಟದ ಟಣ್ ಟಣ್ ನಾನು ಆವತ್ತು ರೆಕಾರ್ಡ್ ಮಾಡ್ಲಿಲ್ಲ, ಆ ಹಿರಿಯರು ಈಗಿಲ್ಲ.

ಬೆಂಗಳೂರಿಂದ ಬೈಕಲ್ಲಿ ಬರ್ತಾರೆ, ನಮ್ಮಪ್ಪ ಕೆಲಸ ಕಳ್ಕೊಂಡ ಜಾಗದ ಮುಂದೆ ಪ್ರಿ ವೆಡ್ಡಿಂಗ್ ಶೂಟ್ ಮಾಡ್ತಾರೆ, ನೀವು ಅದನ್ನೇ ನೆನಪು, ಪರಂಪರೆ ಅಂತ ದೊಡ್ಡದಾಗಿ ಬರೀತೀರ. ನಾನು ದಿನಾ ಬೆಳಗ್ಗೆ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸ ಮಾಡಿ ರಾತ್ರಿ ಬರ್ತೀನಿ. ನಮ್ಮ ಕಷ್ಟ ನಿಮಗೆ ಬ್ಯೂಟಿನಾ?
— ಹೆಸರು ಬೇಡ, ಕೆಜಿಎಫ್

ಬೈದಿದ್ದು ಸರಿ. ಸಮಜಾಯಿಷಿ ಕೊಡಲ್ಲ, ಒಂದು ತಪ್ಪೊಪ್ಪಿಗೆ ಇದೆ.

ಶುರು ಶುರುವಿನಲ್ಲಿ ಒಂದು ಲೈನ್ ಮನೆ ಸಾಲು ತೆಗೀತಿದ್ದೆ. ಹೆಂಚು ಬಿದ್ದಿದೆ, ಗೋಡೆ ಬಿರುಕು, ಬೆಳಕು ಒಳ್ಳೇದಿತ್ತು. ಒಬ್ಬ ಅಕ್ಕ ಹಗ್ಗದ ಮೇಲೆ ಬಟ್ಟೆ ಒಣಗಿ ಹಾಕಿದ್ರು, ಕೆಂಪು ನೈಟಿ, ಮಗುವಿನ ಯೂನಿಫಾರಂ, ಬಾಗಿಲ ಹತ್ರ ನೀಲಿ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ನನಗೆ ಅದು ಅಡ್ಡಿ ಅನ್ನಿಸ್ತು. ಅಕ್ಕಾ ಐದು ನಿಮಿಷ ಬಟ್ಟೆ ತೆಗೀತೀರಾ ಅಂತ ಕೇಳ್ದೆ. ಪಾಪ ಆಕೆ ತೆಗೆದ್ರು ಕೂಡ, ಬಿಂದಿಗೆನೂ ಒಳಗಿಟ್ರು, ಹಸಿ ಬಟ್ಟೆ ಕೈಮೇಲೆ ಹಾಕ್ಕೊಂಡು ಬಾಗಿಲ ಒಳಗೆ ನಿಂತ್ಕೊಂಡಿದ್ರು ನಾನು ಮುಗಿಸೋವರೆಗೂ. ಆ ಫೋಟೋಗೆ ನಾನು "ಪಾಳು ಬಿದ್ದ ಕಾಲೋನಿ" ಅಂತ ಹೆಸರಿಟ್ಟೆ. ಜನ ಸಂಸಾರ ಮಾಡ್ತಿರೋ ಮನೆಗೆ! ಹಲವು ಕಡೆ ಆ ಫೋಟೋ ಮೆಚ್ಕೊಂಡ್ರು, ಇವತ್ತಿಗೂ ಅದನ್ನ ನೋಡಿದ್ರೆ ಬಾಗಿಲ ಹಿಂದೆ ಆಕೆ ನಿಂತಿರೋದು ನನಗೆ ಕಾಣುತ್ತೆ.

ಹಾಗಾಗಿ ಕೆಜಿಎಫ್ ಬಗ್ಗೆ ಬರೆಯೋವಾಗ ಪಾಳು ಅನ್ನೋ ಪದ ಈಗ ಬಿಟ್ಟಿದೀನಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿಂದ 2001ರ ಫೆಬ್ರವರಿ 28ಕ್ಕೆ ಮುಚ್ಚೋವರೆಗೂ ಸುಮಾರು 800 ಟನ್ ಚಿನ್ನ ಹೊರಗೆ ಹೋಯ್ತು, ಅದನ್ನ ತೆಗೆದೋರು ಇಲ್ಲೇ ಉಳಿದ್ರು, ರಾಕ್ ಬರ್ಸ್ಟಲ್ಲಿ, ಅಂದ್ರೆ ಒಳಗಿನ ಬಂಡೆ ಇದ್ದಕ್ಕಿದ್ದಂಗೆ ಸಿಡಿದಾಗ, ಹೋದೋರು ಹೋದ್ರು, ಕಲ್ಲಿನ ಧೂಳು ಕುಡಿದು ಎದೆ ಕೆಡಿಸ್ಕೊಂಡೋರು ಕೆಮ್ಕೊಂಡೇ ಇದ್ರು. ಮುಚ್ಚಿದ್ದು ಗಣಿ, ಊರಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೊಳೆದಿದ್ದು ಟ್ರೈನು. ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 1894ರಲ್ಲಿ ಹಳಿ ಹಾಕಿದ್ದೇ ಗಣಿಗೋಸ್ಕರ. ಈಗ ಅದೇ ಹಳಿ ಮೇಲೆ ಬೆಳಗ್ಗೆ ಕತ್ತಲಲ್ಲಿ ನೀವು ಸಾವಿರಾರು ಜನ ಹೋಗ್ತೀರ. ಶಿಫ್ಟು ನಿಂತೇ ಇಲ್ಲ, ಶಾಫ್ಟಿಂದ ಟ್ರೈನಿಗೆ ಬಂತು. ಅದ್ರ ಫೋಟೋ ನಾನು ತೆಗೆದ್ರೆ ಮತ್ತೆ ಪ್ಲಾಟ್‌ಫಾರಂ ಮೇಲೆ ನಿಂತೋನ ಫೋಟೋನೇ ಆಗುತ್ತೆ. ನೀವು ತೆಗೀರಿ ಸಾರ್. ಮೊಬೈಲ್ ಸಾಕು, ಕೂತಿರೋ ಸೀಟಿಂದ, ಬಾಗಿಲಲ್ಲಿ ನೇತಾಡೋ ಜಾಗ ಬೇಡ, ಅಲ್ಲಿಂದ ಬೇಡ್ವೇ ಬೇಡ. ಟಿಫನ್ ಕ್ಯಾರಿಯರು, ನಿದ್ದೆ ಮಾಡ್ತಿರೋ ಫ್ರೆಂಡು, ಕೇಳ್ಕೊಂಡು ತೆಗೀರಿ. ಹತ್ತು ಕಳಿಸಿದ್ರೆ ಮುಂದಿನ ತಿಂಗಳು ಈ ಪುಟ ಪೂರ್ತಿ ನಿಮ್ಮದು, ನಾನು ಒಂದು ಸಾಲೂ ಬರೆಯಲ್ಲ. ಸಂಪಾದಕರನ್ನ ಕೇಳಿಯೇ ಹೇಳ್ತಿದೀನಿ.

ಮಾವನವರ ಟ್ರಂಕಲ್ಲಿ ಹಳೇ ಗ್ರೂಪ್ ಫೋಟೋ ಸಿಕ್ಕಿದೆ, ಗಣಿ ಕೆಲಸದವರು ಹೆಲ್ಮೆಟ್ ಹಾಕ್ಕೊಂಡು ನಾಲ್ಕು ಸಾಲಲ್ಲಿ ನಿಂತಿರೋದು. ರಟ್ಟಿಗೆ ಅಂಟಿದೆ, ಮೂಲೆ ಹುಳ ತಿಂದಿದೆ. ಲ್ಯಾಮಿನೇಷನ್ ಮಾಡ್ಸಿಬಿಡ್ಲಾ?
— ಗೃಹಿಣಿ, ಮುಳಬಾಗಿಲು

ಅಯ್ಯೋ ಬೇಡಮ್ಮ, ಲ್ಯಾಮಿನೇಷನ್ ಮಾಡಿದ್ರೆ ಮತ್ತೆ ಬಿಚ್ಚೋಕಾಗಲ್ಲ. ರಟ್ಟಿಂದ ಕೀಳೋಕೂ ಹೋಗ್ಬೇಡಿ. ಮೃದು ಬ್ರಶ್ಶಲ್ಲಿ ಧೂಳು ಒರೆಸಿ, ನೀರು ಮುಟ್ಟಿಸ್ಬೇಡಿ, ಬೆಳಗ್ಗೆ ವರಾಂಡದ ನೆರಳಲ್ಲಿ ಗೋಡೆಗೆ ಒರಗಿಸಿಟ್ಟು, ಫ್ಲ್ಯಾಶ್ ಆಫ್ ಮಾಡಿ, ಮೊಬೈಲ್ ನೇರ ಎದುರಿಗೆ ಹಿಡಿದು ತೆಗೀರಿ. ಒಂದು ಪೂರ್ತಿ, ಆಮೇಲೆ ಒಂದೊಂದು ಸಾಲು ಹತ್ತಿರದಿಂದ. ಅಸಲನ್ನ ಹತ್ತಿ ಬಟ್ಟೇಲಿ ಸುತ್ತಿ ಗಾಳಿಯಾಡೋ ಬೀರುವಲ್ಲಿಡಿ, ಟ್ರಂಕಿಗೆ ವಾಪಸ್ ಬೇಡ.

ಮಾವನವರು ಇದ್ರೆ ಇವತ್ತೇ ಸಂಜೆ ಒಂದು ಪ್ರಿಂಟ್ ಕೊಟ್ಟು ಪಕ್ಕ ಕೂತ್ಕೊಳ್ಳಿ. ಹೆಲ್ಮೆಟ್ ಕೆಳಗೆ ಎಲ್ಲರ ಮುಖನೂ ಒಂದೇ ಥರ ಕಾಣುತ್ತೆ ನಮಗೆ, ಅವರಿಗೆ ಹಾಗಲ್ಲ. ಮೇಲಿನ ಸಾಲು ಎಡಗಡೆಯಿಂದ ಶುರು ಮಾಡಿ ಒಬ್ಬೊಬ್ಬರ ಹೆಸರು ಬರ್ಕೊಳ್ಳಿ, ಅಡ್ಡಹೆಸರು ಹೇಳಿದ್ರೆ ಅಡ್ಡಹೆಸರೇ ಬರೀರಿ, ನೆನಪಾಗದಿದ್ರೆ ಆ ಜಾಗ ಖಾಲಿ ಬಿಡಿ. ಪ್ರಿಂಟಿನ ಹಿಂದೆ ಬರೆಯೋದಾದ್ರೆ ಮೆತ್ತಗಿರೋ ಪೆನ್ಸಿಲಲ್ಲಿ, ಒತ್ತದೆ. ಬಾಲ್ ಪೆನ್ ಮಾತ್ರ ಬೇಡ, ಗೀರು ಮುಂದಕ್ಕೆ ಮೂಡಿ ಯಾರದೋ ಮುಖದ ಮೇಲೆ ಕೂರುತ್ತೆ.